ಕಾರಿನೊಳಗೆ ಕೂಗುವಂತಿಲ್ಲ

ಕಿಡಿಯಣ್ಣನಿಗೆ ತನ್ನ ಹೆಂಡತಿಯ ತಮ್ಮನ ಮೇಲೆ ಇವತ್ತಿಗೂ ಒಂದು ಸಿಟ್ಟಿದೆ. ಕಾರು ಎರವಲು ತೆಗೆದುಕೊಂಡು ಹೋಗಿ ಕೆಡಿಸಿ ತಂದುಕೊಟ್ಟ ಎಂಬ ಸಿಟ್ಟಲ್ಲ ಅದು. ಕೆಡಿಸಿದ್ದರೆ ಹೇಳಿಕೊಂಡು ತಿರುಗಬಹುದಿತ್ತು, ನಾಲ್ಕು ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಆ ಪುಣ್ಯಾತ್ಮ ಕಾರನ್ನು ಒಳ್ಳೆಯದು ಮಾಡಿ ತಂದುಕೊಟ್ಟ! ಇದನ್ನು ಯಾವ ಬಾಯಲ್ಲಿ, ಯಾರ ಹತ್ತಿರ ದೂರುವುದು?

ಕಿಡಿಯಣ್ಣ ವೆಲ್ಡರ್. ಗೇಟು, ಕಿಟಕಿಯ ಸರಳು, ಮಹಡಿ ಮೆಟ್ಟಿಲಿನ ಕಂಬಿ ಬೆಸೆಯುವುದು ಅವನ ಕಸುಬು. ಆ ಹೆಸರು ಬೆಸುಗೆಯ ಕಿಡಿಯಿಂದ ಬಂತೋ ಬಾಯಿಂದ ಹಾರುವ ಕಿಡಿಯಿಂದ ಬಂತೋ ಎಂಬ ಬಗ್ಗೆ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಎರಡನೆಯ ಪಕ್ಷಕ್ಕೇ ಬಹುಮತ. ಶಾಲೆಯ ಮೆಟ್ಟಿಲನ್ನು ಬೇಗ ಇಳಿದವನು. ಆಮೇಲಿನ ಬದುಕೆಲ್ಲ ಕಬ್ಬಿಣ ಕೊಯ್ಯುವ ಯಂತ್ರದ ಕಿರುಚಾಟದ ಪಕ್ಕದಲ್ಲೇ ಕಳೆಯಿತು. ಅದರ ಸದ್ದನ್ನು ಮೀರಿ ಮಾತಾಡಬೇಕು. ಮಾತಾಡಿ ಮಾತಾಡಿ ಗಂಟಲು ಆ ಎತ್ತರದಲ್ಲೇ ನಿಂತುಬಿಟ್ಟಿತು. ಮನೆಯಲ್ಲಿ ಯಂತ್ರವಿರಲಿಲ್ಲ. ಆದರೂ ಅವನು "ಉಪ್ಪು ಎಲ್ಲಿ?" ಎಂದು ಕೇಳಿದರೆ ಎದುರುಮನೆಯವರು ತಮ್ಮ ಉಪ್ಪಿನ ಡಬ್ಬಿ ಹುಡುಕುತ್ತಿದ್ದರು.

ಒಮ್ಮೆ ಅರ್ಧ ಬೆಸೆದ ಗೇಟೊಂದು ಅವನ ಎಡಮೊಣಕಾಲಿನ ಮೇಲೆ ಬಿತ್ತು. ಇನ್ನು ಕ್ಲಚ್ಚು ತುಳಿಯಬಾರದು ಎಂದರು ಮೂಳೆ ಡಾಕ್ಟರು. ಹಾಗಾಗಿ ಹಳೆಯ ಕಾರು ಹೋಯಿತು, ಯಾರೋ ಓಡಿಸಿ ಬಿಟ್ಟ ಆಟೊಮ್ಯಾಟಿಕ್ ಕಾರೊಂದು ಬಂತು. ಕ್ಲಚ್ಚಿಲ್ಲ, ಗೇರು ಬದಲಿಸುವ ಗೋಜಿಲ್ಲ; ಬಲಗಾಲೊಂದಿದ್ದರೆ ಸಾಕು. ಬಲಗಾಲಿಗೆ ಕಿಡಿಯಣ್ಣನಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವನು ಆಕ್ಸಿಲರೇಟರನ್ನು ಒತ್ತುತ್ತಿರಲಿಲ್ಲ, ಒದೆಯುತ್ತಿದ್ದ. ಕಾರು ಹುಲಿಯ ಹಾಗೆ ಗರ್ಜಿಸಿ ಹಾರುತ್ತಿತ್ತು.

"ನೋಡಿ ಕಲೀರಿ ಎಲ್ಲಾ! ಕಾಲಿಟ್ರೆ ಸಾಕು, ಎದುರಾಡದೆ ಹಾರುತ್ತೆ. ಈ ಮನೇಲಿ ನನ್ನ ಮಾತು ಕೇಳೋ ಜೀವ ಅಂತಿರೋದು ಇದೊಂದೇ!" ಎಂದು ಅವನು ಎದೆ ತಟ್ಟಿಕೊಂಡ.

"ಅದಕ್ಕೆ ಬಾಯಿಲ್ಲ, ಅದಕ್ಕೇ," ಎಂದಳು ಹೆಂಡತಿ.

ಹೆಂಡತಿಯ ತಮ್ಮನದು ಬಣ್ಣದ ಮೀನಿನ ಅಂಗಡಿ. ಗಾಜಿನ ತೊಟ್ಟಿಗಳು, ಗುಳುಗುಳು ಗಾಳಿಗುಳ್ಳೆಗಳು, ನಡುವೆ ಅವನು. ಬಹಳ ಮೆತ್ತಗಿನ ಮನುಷ್ಯ. ಮಾತಾಡುವುದೂ ಮೀನುಗಳಿಗೆ ಎಚ್ಚರವಾಗಿಬಿಟ್ಟೀತು ಎಂಬಂತೆ. ಕಿಡಿಯಣ್ಣ ಅವನಿಗೆ ಮೀನ್ಮರಿ ಎಂದೇ ಹೆಸರಿಟ್ಟಿದ್ದ. ಅಂಗಡಿಯನ್ನು ಊರಿನ ಇನ್ನೊಂದು ತುದಿಗೆ ಸಾಗಿಸಬೇಕಾಗಿ ಬಂದಾಗ ಮೀನ್ಮರಿ ಅಕ್ಕನ ಬಾಯಿಂದ ಕಾರು ಕೇಳಿಸಿದ.

"ತಗೊಂಡು ಹೋಗ್ಲಿ, ಅದಕ್ಕೇನಂತೆ! ಹುಲಿ ಸವಾರಿ ಅಂದ್ರೇನು ಅಂತ ಮೀನುಗಳಿಗೂ ಗೊತ್ತಾಗ್ಲಿ!" ಎಂದು ಕಿಡಿಯಣ್ಣ ರಾಜನ ಹಾಗೆ ಕೀಲಿ ಎಸೆದ.

ಮೀನುಗಳಿಗೆ ಅದು ಗೊತ್ತಾಗಲೇ ಇಲ್ಲ. ಹಿಂದಿನ ಸೀಟಿನ ತುಂಬ ಬಾಯಿಮಟ್ಟ ತುಂಬಿದ ಬಕೆಟ್ಟುಗಳು. ಒಂದು ಹನಿ ತುಳುಕಿದರೂ ಮೀನ್ಮರಿಗೆ ತನ್ನ ಮೈಗೇ ನೋವಾದಂತೆ. ಉಕ್ಕುವ ಹಾಲಿನ ಕೆಳಗೆ ಉರಿ ಸಣ್ಣ ಮಾಡುವ ಹಾಗೆ ಪೆಡಲಿನ ಮೇಲೆ ಕಾಲಿಟ್ಟು ಓಡಿಸಿದ. ಅದು ಒಂದು ದಿನದ ಕೆಲಸವೂ ಅಲ್ಲ. ಮೀನುಗಳನ್ನು ಒಮ್ಮೆಲೇ ಹೊಸ ನೀರಿಗೆ ಬಿಡುವಂತಿಲ್ಲ, ಸ್ವಲ್ಪ ಸ್ವಲ್ಪವೇ ಸಾಗಿಸಬೇಕು. ವಾರಗಟ್ಟಲೆ ಹೋಯಿತು. ಕೊನೆಗೊಂದು ಬೆಳಿಗ್ಗೆ ಕಾರು ತೊಳೆದು, ಗಾಜು ಒರೆಸಿ, ಮನೆ ಮುಂದೆ ತಂದು ನಿಲ್ಲಿಸಿದ. ಒಳಗೆ ಬಂದು ಊಟದ ಮೇಜಿನ ಹತ್ತಿರ ಕೂತ. ಅಕ್ಕ ಕಾಫಿ ಕೊಟ್ಟಳು.

ಆ ಹೊತ್ತಿಗೆ ಕಿಡಿಯಣ್ಣ ಹುಲಿಯ ಮೇಲೆ ಕೂತು ಒಂದು ಒದೆ ಕೊಟ್ಟಿದ್ದ. ಹುಲಿ ಹಾರಲಿಲ್ಲ. "ಬಂದೆ, ಅವಸರವೇನು?" ಎನ್ನುವಂತೆ ಮೆಲ್ಲಗೆ ಹೊರಟಿತು. ಗರ್ಜನೆ ಬರುವ ಮೊದಲೇ ತಾನಾಗಿ ಮೇಲಿನ ಗೇರಿಗೆ ಜಾರಿ ಸುಮ್ಮನಾಯಿತು. ಇನ್ನೊಂದು ಒದೆ. ಕಾರು ಒಂದು ಗಳಿಗೆ ಯೋಚಿಸಿ, ಆಗಲಿ ನೋಡೋಣ ಎಂದಿತು. ಬೀದಿಯ ಕೊನೆಯಲ್ಲಿ ಪೇಪರ್ ಹಾಕುವ ಮುದುಕ ಸೈಕಲ್ಲಿನ ಗಂಟೆ ಬಾರಿಸಿ, "ಸ್ವಲ್ಪ ಜಾಗ ಬಿಡಪ್ಪ," ಎಂದು ಮುಂದೆ ಹೋದ!

ಕಿಡಿಯಣ್ಣ ಕಾರು ತಿರುಗಿಸಿ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಊಟದ ಮೇಜಿನ ಹತ್ತಿರ ನಿಂತ.

"ಏನಯ್ಯಾ ಮಾಡ್ದೆ ನನ್ನ ಗಾಡಿಗೆ?"

"ಏನೂ ಇಲ್ಲ ಭಾವ. ಓಡಿಸ್ದೆ, ಅಷ್ಟೆ."

"ಓಡಿಸ್ದ್ಯಾ, ಜೋಗುಳ ಹಾಡಿದ್ಯಾ? ಹುಲಿ ಕೊಟ್ಟಿದ್ದೆ, ಹಸು ತಂದು ಕಟ್ಟಿದೀಯ!"

"ನೀರು ತುಳುಕಬಾರ್ದು ಅಂತ ನಿಧಾನ ಓಡಿಸ್ತಿದ್ದೆ ಭಾವ. ಅದಕ್ಕೂ ಅದೇ ಅಭ್ಯಾಸ ಆಗಿದೆಯೇನೋ..."

"ಮೀನಿಗೂ ಬೆನ್ನುಮೂಳೆ ಅಂತ ಒಂದಿರುತ್ತೆ ಕಣಯ್ಯಾ! ನಿನಗೆ ಅದೂ ಇಲ್ಲ! ನನ್ನ ಗಾಡಿಗೂ ಅದೇ ರೋಗ ಅಂಟಿಸಿದೀಯ!"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಮಗಳು. ಒಳಕೋಣೆಯ ಮಂಚದ ಮೇಲೆ ಕಿಡಿಯಣ್ಣನ ತಾಯಿ. ಎಲ್ಲರಿಗೂ ಕೇಳಿಸಿತು, ಎದುರುಮನೆಯವರಿಗೂ ಕೇಳಿಸಿರಬೇಕು. ಮೀನ್ಮರಿ ಅರ್ಧ ಕುಡಿದಿದ್ದ ಕಾಫಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ. "ಬರ್ತೀನಕ್ಕ," ಎಂದ. ಹೋದ. ಮತ್ತೆ ಆ ಮನೆಗೆ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕಬ್ಬಿಣ ಒಡೆದರೆ ಕಿಡಿಯಣ್ಣ ಬೆಸೆಯಬಲ್ಲ. ಗೆರೆ ಕೂಡ ಕಾಣದ ಹಾಗೆ ಉಜ್ಜಿ ಕೊಡಬಲ್ಲ. ಮಾತಿಗೆ ಹಾಕುವ ಬೆಸುಗೆಯ ಕಡ್ಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೆಂಡತಿ ಆ ಲೋಟವನ್ನು ತೊಳೆದು ಕಪಾಟಿನ ಮೇಲಿನ ಅಂಕಣದಲ್ಲಿ ಬೋರಲು ಹಾಕಿದಳು. ಅದರಲ್ಲಿ ಬೇರೆ ಯಾರಿಗೂ ಕಾಫಿ ಕೊಡಲಿಲ್ಲ. ತಾಯಿ ತಂದೆ ಇಲ್ಲದ ಅವಳಿಗೆ ತವರು ಎಂದರೆ ಆ ತಮ್ಮನೊಬ್ಬನೇ.

"ಹೋಗಿ ಒಂದು ಮಾತು ಹೇಳಿ ಬನ್ನಿ," ಎಂದಳು. "ತಪ್ಪಾಯ್ತು ಅನ್ನಿ, ಸಾಕು. ಅವನು ಬರ್ತಾನೆ."

"ತಪ್ಪು? ನಂದಾ? ಮೊದಲು ಹೋಗಿ ಆ ಗಾಡಿ ನೋಡು!"

ಗಾಡಿ ತೋರಿಸಲು ಗೇರ್‌ಬಾಕ್ಸ್ ರಿಪೇರಿಯವನ ಹತ್ತಿರ ಇಬ್ಬರೂ ಹೋದರು. ಅವನು ಸ್ಟಿಯರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಅಂಗೈಯಗಲದ ಪರದೆ ನೋಡಿ, ಎಣ್ಣೆಯ ಕಡ್ಡಿ ಎಳೆದು ಮೂಸಿದ.

"ಗಾಡಿಗೇನೂ ಆಗಿಲ್ಲ ಅಣ್ಣಾ. ಯಾರೋ ಬಹಳ ಚೆನ್ನಾಗಿ ಓಡಿಸಿದಾರೆ."

"ಯಾರೋ ಅಲ್ಲ, ನನ್ನ ಶತ್ರು. ಮೊದಲಿನ ಹಾಗೆ ಮಾಡಿಕೊಡು."

"ಮಾಡಿಸಬೇಡಿ. ಇದರ ಗೇರ್‌ಬಾಕ್ಸಿಗೆ ಒಂದು ಸಣ್ಣ ಕಂಪ್ಯೂಟರ್ ಇದೆ. ಅದು ಓಡಿಸೋರ ಸ್ವಭಾವ ಕಲ್ತುಕೊಳ್ಳುತ್ತೆ. ಸಿಟ್ಟಿನವರು ಓಡಿಸಿದ್ರೆ ಗೇರು ಬಿಡದೆ ಜಗ್ಗಾಡೋದು ಕಲಿಯುತ್ತೆ. ತಾಳ್ಮೆ ಇರೋರು ಓಡಿಸಿದ್ರೆ ಬೇಗ ಬೇಗ ಮೇಲಿನ ಗೇರಿಗೆ ಹೋಗಿ ಸುಮ್ಮನಾಗೋದು ಕಲಿಯುತ್ತೆ. ನೀವು ಇದಕ್ಕೆ ಬಹಳ ಸಿಟ್ಟು ಕಲಿಸಿದ್ರಿ ಅಂತ ಕಾಣುತ್ತೆ. ಎಣ್ಣೆ ಮೂಸಿ ನೋಡಿ, ಸುಟ್ಟ ವಾಸನೆ. ಹಾಗೇ ಬಿಟ್ಟಿದ್ರೆ ಒಳಗಿನದೆಲ್ಲ ಸೀದುಹೋಗಿರೋದು. ಈಗ ಬಂದಿರೋ ಗುಣ ಹಾಗೇ ಉಳಿಸ್ಕೊಳ್ಳಿ. ಹೆಂಗೆ ಅಂದ್ರೆ, ನೀವು ನಿಮ್ಮ ಬಲಗಾ..."

"ಗೊತ್ತಾಯ್ತು, ಗೊತ್ತಾಯ್ತು!" ಎಂದು ಕಿಡಿಯಣ್ಣ ಹೊರಟೇಬಿಟ್ಟ. ತನ್ನ ಆಯುಸ್ಸಿನಲ್ಲಿ ಅವನು ಇನ್ನೊಬ್ಬರ ಯಾವ ಮಾತನ್ನೂ ದಡ ಮುಟ್ಟಲು ಬಿಟ್ಟವನಲ್ಲ. ಹೆಂಡತಿ ಮಾತ್ರ ಅಲ್ಲೇ ಒಂದು ಗಳಿಗೆ ನಿಂತು, ರಿಪೇರಿಯವನನ್ನು ಏನೋ ಕೇಳಿ, ತಲೆಯಾಡಿಸಿ ಬಂದಳು.

ದಾರಿಯುದ್ದಕ್ಕೂ ಕಿಡಿಯಣ್ಣನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಸ್ವಭಾವ ಕಲಿಯುತ್ತದೆ! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಮನುಷ್ಯರಿಗೆ. ಈ ಪೆಟ್ಟಿಗೆಗೆ ಹುಟ್ಟುಗುಣವೆಂಬುದೇ ಇಲ್ಲ. ಹಸುಗೂಸಿನ ಹಾಗೆ ಎದುರಿಗೆ ಕಂಡದ್ದು, ಕೇಳಿದ್ದು ಎಲ್ಲ ಹೀರಿಕೊಳ್ಳುತ್ತದೆ. ಮಕ್ಕಳ ಮುಂದೆ ಕೆಟ್ಟ ಮಾತು ಆಡಬಾರದು ಎಂಬುದು ಅವನಿಗೆ ಗೊತ್ತಿತ್ತು. ಪಾಲಿಸಿರಲಿಲ್ಲ, ಆ ಮಾತು ಬೇರೆ. ಮನೆ ತಲುಪಿದವನೇ ಎಲ್ಲರನ್ನೂ ಒಟ್ಟುಗೂಡಿಸಿ ಶಾಸನ ಹೊರಡಿಸಿದ.

"ಇವತ್ತಿಂದ ಆ ಕಾರಿನೊಳಗೆ ಯಾರೂ ಕೂಗುವಂತಿಲ್ಲ! ಸಿಡುಕುವಂತಿಲ್ಲ! ಅದು ಕೇಳಿಸ್ಕೊಳ್ಳುತ್ತೆ! ಕಲ್ತುಬಿಡುತ್ತೆ!" ಎಂದು ಕೂಗಿದ.

"ಕೂಗೋರು ನೀವೊಬ್ರೇ ಅಲ್ವಾ ಅಪ್ಪಾ?" ಎಂದಳು ಮಗಳು.

"ಅದಕ್ಕೇ ಹೇಳ್ತಿರೋದು! ಆ ಮೀನ್ಮರಿ ಕೈಲಿ ಆಗಿದ್ದು ನನ್ನ ಕೈಲಿ ಆಗಲ್ವಾ? ಅವನು ಹಸು ಮಾಡಿದ್ರೆ ನಾನು ಋಷಿ ಮಾಡ್ತೀನಿ! ನೋಡ್ತಿರಿ!"

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಯಾಕೋ ಮುಚ್ಚಿಕೊಂಡಳು.

ಋಷಿಯ ತಯಾರಿ ಮರುದಿನವೇ ಶುರುವಾಯಿತು. ತಿರುವಿನಲ್ಲಿ ಟೆಂಪೋದವನೊಬ್ಬ ಅಡ್ಡ ನುಗ್ಗಿದ. ಕಿಡಿಯಣ್ಣನ ಕುತ್ತಿಗೆಯ ನರ ಉಬ್ಬಿತು, ಬಾಯಿ ತೆರೆಯಿತು. ಗೇರಿನ ಹಿಡಿಯತ್ತ ಒಮ್ಮೆ ನೋಡಿದ. ಬಾಯಿ ಮುಚ್ಚಿದ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಗಾಜು ಏರಿಸಿ, ಇಳಿದು, ದೂರದ ಒಂದು ಕಾಂಪೌಂಡ್ ಗೋಡೆಯವರೆಗೆ ಕುಂಟುತ್ತ ನಡೆದು ಹೋಗಿ, ಆ ಗೋಡೆಗೆ ಟೆಂಪೋದವನ ವಂಶವನ್ನೆಲ್ಲ ವಿವರಿಸಿ ಹೇಳಿ, ವಾಪಸು ಬಂದು ಕೂತ.

"ನಡಿ ತಾಯೀ, ಹೋಗೋಣ," ಎಂದ ಕಾರಿಗೆ. ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಓಡಿದ್ದು ಅವನಿಗೆ ಗೊತ್ತಾಗಲಿಲ್ಲ.

ಇದನ್ನೆಲ್ಲ ಹಿಂದಿನ ಸೀಟಿನಲ್ಲಿ ಕೂತು ಹೆಂಡತಿ ನೋಡಿದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಷ್ಟು ವರ್ಷ ಮನೆಯವರೆಲ್ಲ ಯೋಚಿಸಿದ್ದೇ ಬಂತು. ಬೆಕ್ಕು ತಾನೇ ಕಟ್ಟಿಕೊಂಡು ಕೂತಿದೆ! ಅವಳು ಗಂಟಲು ಸರಿಮಾಡಿಕೊಂಡಳು.

"ರೀ. ಮಲಗೋ ಕೋಣೆ ಕಿಟಕಿಗೆ ನೀವು ಹಾಕಿದೀರಲ್ಲ ಗ್ರಿಲ್ಲು, ಅದು ನನಗೆ ಮೊದಲಿಂದ್ಲೂ ಇಷ್ಟ ಇಲ್ಲ. ಜೈಲಿನ ಹಾಗಿದೆ."

ಕಿಡಿಯಣ್ಣನ ಹಲ್ಲುಗಳ ನಡುವಿನಿಂದ ಒಂದು ಸ್ವರ ಹೊರಟಿತು. ಅದು "ಹೌದಾ?" ಎಂದಿತು.

"ಹೌದು. ಬಿಚ್ಚಿ, ಬೇರೆ ಹಾಕಿ."

"ಹಾಕೋಣ," ಎಂದಿತು ಸ್ವರ.

ಸುದ್ದಿ ಹಬ್ಬಲು ಎಷ್ಟು ಹೊತ್ತು! ಮಗಳು ಬಸ್ಸು ಬಿಟ್ಟು, "ಅಪ್ಪಾ, ಕಾರಲ್ಲಿ ಬಿಡಿ," ಎನ್ನತೊಡಗಿದಳು. ಲೆಕ್ಕಪತ್ರದ ಕ್ಲಾಸಿಗೆ ಹೋಗುವುದನ್ನು ತಾನು ಯಾವತ್ತೋ ಬಿಟ್ಟಿರುವುದಾಗಿಯೂ, ಆ ಹೊತ್ತಿನಲ್ಲಿ ಈಜು ಕಲಿಯುತ್ತಿರುವುದಾಗಿಯೂ ಹೇಳಿದಳು.

"ನೀನೂ ಮೀನಾಗ್ಬಿಡು ಮಗಳೇ. ಸಂತೋಷ," ಎಂದ ಕಿಡಿಯಣ್ಣ. ಕಣ್ಣಲ್ಲಿ ನೀರಿತ್ತು, ಸಂತೋಷದ್ದಲ್ಲ.

ವರ್ಷಗಳಿಂದ ಹೊಸ್ತಿಲು ದಾಟದಿದ್ದ ತಾಯಿ ಕೋಲೂರಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. "ಲೋ, ಒಂದು ಸುತ್ತು ಹಾಕಿಸು," ಎಂದರು. ಸುತ್ತು ಮುಗಿಯುವುದರೊಳಗೆ ಅವನು ಹುಡುಗನಾಗಿದ್ದಾಗಿನ ತಪ್ಪುಗಳಿಂದ ಹಿಡಿದು ಮೊನ್ನೆ ಬಿಸಿನೀರಿಗೆ ಕೂಗಾಡಿದ್ದರವರೆಗೆ ಎಲ್ಲವನ್ನೂ ಸಾವಕಾಶವಾಗಿ ಹೇಳಿ ಮುಗಿಸಿದರು. ಕೊನೆಗೆ ಕಿಟಕಿಯ ಹೊರಗೆ ನೋಡುತ್ತ, "ನಿಮ್ಮಪ್ಪನೂ ಹೀಗೇ ಕೂಗ್ತಿದ್ರು," ಎಂದರು. "ಆಗ ನಮ್ಮ ಹತ್ರ ಕಾರಿರಲಿಲ್ಲ."

ಕಿಡಿಯಣ್ಣ ಕೇಳದೆಯೇ ಇನ್ನೊಂದು ಸುತ್ತು ಹಾಕಿಸಿದ. ಆ ಒಂದು ಸಲ ಮಾತ್ರ, ನುಂಗಲು ಸಿಟ್ಟೇನೂ ಇರಲಿಲ್ಲ.

ಕೊನೆಗೆ ಗಿರಾಕಿಗಳಿಗೂ ತಿಳಿಯಿತು. ಗೇಟು ಮಾಡಿಸಿಕೊಂಡಿದ್ದ ಹೋಟೆಲಿನವನು ವೆಲ್ಡಿಂಗ್ ಶಾಪಿನ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡ. "ಅಣ್ಣಾ, ನಿಮ್ಮ ಹತ್ರ ಒಂದು ವಿಷಯ ಹೇಳಬೇಕಿತ್ತು. ಕಾರಲ್ಲಿ ಕೂತ್ಕೊಂಡು ಮಾತಾಡೋಣ್ವಾ?" ಕಾರಿನಲ್ಲಿ ಕೂತ ಮೇಲೆ, ಗೇಟು ಓರೆಯಾಗಿದೆ ಎಂದ. ಹೊರಗಾಗಿದ್ದರೆ ಹೋಟೆಲಿನವನೇ ಓರೆಯಾಗುತ್ತಿದ್ದ!

ಇಷ್ಟು ಸಾಧುವಾಗಿದ್ದರೂ ಕಿಡಿಯಣ್ಣನಿಗೆ ಒಂದು ಸಂಗತಿ ಅರ್ಥವಾಗಲಿಲ್ಲ. ಕಾರು ಋಷಿಯಾಗುತ್ತಿರಲಿಲ್ಲ. ಹಸು ಹೋಗಿ ಮತ್ತೆ ಹುಲಿ ಬರುತ್ತಿತ್ತು. ಮುಟ್ಟಿದರೆ ಹಾರುತ್ತಿತ್ತು. ಮೇಲಿನ ಗೇರಿಗೆ ಹೋಗಲೊಲ್ಲದೆ ಕೆಳಗಿನದನ್ನೇ ಕಚ್ಚಿ ಹಿಡಿದು ಒರಲುತ್ತಿತ್ತು. ತಾನು ಇನ್ನೂ ಸಾಕಷ್ಟು ಮೆತ್ತಗಾಗಿಲ್ಲವೇನೋ ಎಂದು ಅವನು ಕಾರಿನೊಳಗೆ ಪಿಸುಗುಟ್ಟಲು ಶುರುಮಾಡಿದ. ಬಾಯಿಗೆ ಬಂದದ್ದು ಗಂಟಲಿಗೆ ಇಳಿಯಿತು, ಗಂಟಲಿಗೆ ಇಳಿದದ್ದು ಎದೆಗೆ. ಎದೆಯಿಂದ ಅದು ಇನ್ನೂ ಕೆಳಗೆ ಎಲ್ಲಿಗೆ ಹೋಗುತ್ತಿದೆ ಎಂದು ಮಾತ್ರ ಯಾರೂ ಬಗ್ಗಿ ನೋಡಲಿಲ್ಲ.

ಇಷ್ಟು ದಿನ ಹೆಂಡತಿ ಕೇಳಿದ್ದೆಲ್ಲ ಸಣ್ಣಪುಟ್ಟದ್ದು. ಕೇಳಬೇಕಾದ್ದನ್ನು ಅವಳು ಇನ್ನೂ ಕೇಳಿರಲಿಲ್ಲ. ಒಂದು ಸಂಜೆ ಅವನು ಶಾಪಿನಿಂದ ಹೊರಡುವಾಗ ಬಂದು ಹಿಂದಿನ ಸೀಟಿನಲ್ಲಿ ಕೂತಳು. "ಸೇತುವೆ ಆಚೆ ಸ್ವಲ್ಪ ಕೆಲಸ ಇದೆ," ಎಂದಳು. ಸೇತುವೆಯ ಈಚೆಗಿನ ಮೂಲೆಯಲ್ಲಿ, "ಇಲ್ಲೊಂಚೂರು ನಿಲ್ಸಿ," ಎಂದಳು. ನಿಲ್ಲಿಸಿದ. ಮುಂದಿನ ಬಾಗಿಲು ತೆರೆಯಿತು. ಮೊದಲು ಒಂದು ಬಕೆಟ್ಟು ಬಂತು. ಅದರ ಹಿಂದೆ ಮೀನ್ಮರಿ ಬಂದ. ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಳಗೆ ಎರಡು ಕೆಂಪು ಮೀನುಗಳು ಸುತ್ತುತ್ತಿದ್ದವು.

"ಯಾರಿದು?" ಎಂದು ಪಿಸುಗುಟ್ಟಿದ ಕಿಡಿಯಣ್ಣ.

"ನನ್ನ ತಮ್ಮ. ಪರಿಚಯ ಇರಬೇಕಲ್ಲ ನಿಮಗೆ," ಎಂದಳು ಹೆಂಡತಿ. "ಗಿರಾಕಿ ಮನೆಗೆ ಮೀನು ಕೊಡಬೇಕಂತೆ. ನಡೀರಿ."

ಹಿಂದಿನ ಗಾಡಿಗಳು ಹಾರ್ನು ಬಾರಿಸಿದವು. ಕಾರು ಸೇತುವೆ ಹತ್ತಿತು. ಹತ್ತಿದ ಮೇಲೆ ಕಿಡಿಯಣ್ಣನಿಗೆ ತಾನು ಸಿಕ್ಕಿಬಿದ್ದದ್ದು ಹೊಳೆಯಿತು. ಮುಂದೆ ಗಾಡಿ, ಹಿಂದೆ ಗಾಡಿ. ನಿಲ್ಲಿಸಿ ಇಳಿಯುವಂತಿಲ್ಲ. ಇಳಿದರೂ ಬೈಯಲು ಒಂದು ಗೋಡೆಯಿಲ್ಲ. ಕೆಳಗೆ ನೀರು, ಮೇಲೆ ಆಕಾಶ.

"ರೀ," ಎಂದಳು ಹೆಂಡತಿ ಹಿಂದಿನಿಂದ. "ಮೀನಿಗೂ ಬೆನ್ನುಮೂಳೆ ಇರುತ್ತೆ, ನಿನಗಿಲ್ಲ ಅಂದಿದ್ರಿ ಇವನಿಗೆ. ಆ ಮಾತು ವಾಪಸ್ ತಗೊಳ್ಳಿ."

"ಬಿಡಕ್ಕ," ಎಂದ ಮೀನ್ಮರಿ.

"ನೀನು ಸುಮ್ನಿರೋ. ರೀ, ತಪ್ಪಾಯ್ತು ಅಂತ ಒಂದೇ ಒಂದು ಮಾತು. ಸೇತುವೆ ದಾಟೋದ್ರೊಳಗೆ ಹೇಳಿ."

"ಮನೆಗೆ ಹೋಗಿ... ನಿಧಾನವಾಗಿ... ಮಾತಾಡೋಣ," ಎಂದ ಕಿಡಿಯಣ್ಣ. ನಗುವುದಕ್ಕೂ ಪ್ರಯತ್ನಿಸಿದ. ಕಾರು ಮುಂದಕ್ಕೊಮ್ಮೆ ಜಗ್ಗಿತು.

"ಮನೇಲಿ ನೀವು ಮಾತಾಡಲ್ಲ, ಕೂಗ್ತೀರಿ. ನೀವು ಮನುಷ್ಯರ ಹಾಗೆ ಮಾತಾಡೋದು ಇದರೊಳಗೆ ಮಾತ್ರ. ಇಲ್ಲೇ ಹೇಳಿ."

ಕಾರು ಇನ್ನೊಮ್ಮೆ ಜಗ್ಗಿತು. ಬಕೆಟ್ಟಿನ ನೀರು ಅಂಚಿನವರೆಗೆ ಬಂದು ಹಿಂದೆ ಹೋಯಿತು. ಮೀನ್ಮರಿ ಎರಡೂ ಕೈಯಿಂದ ಅದನ್ನು ಅಪ್ಪಿಕೊಂಡ. ಅವನಿಗೆ ಮಾತಿನ ಚಿಂತೆಯಿರಲಿಲ್ಲ, ನೀರಿನ ಚಿಂತೆ. ಬಹಳ ವಿನಯದಿಂದ ಹೇಳಿದ:

"ಭಾವ, ಗಾಡಿ ಯಾಕೋ ಬಹಳ ಒದ್ದಾಡ್ತಿದೆ. ನಾನು ಕೊಟ್ಟಾಗ ಹಿಂಗಿರಲಿಲ್ಲ."

ಲೋಕದಲ್ಲಿ ಇರುವ ಮಾತುಗಳಲ್ಲೆಲ್ಲ ಈ ಒಂದು ಮಾತನ್ನು ಅವನು ಆಡಬಾರದಿತ್ತು. ಕಿಡಿಯಣ್ಣನ ಮುಖ ಬೆಸುಗೆಯ ತುದಿಯ ಬಣ್ಣಕ್ಕೆ ಬಂತು. ತುಟಿಗಳು ಒಂದನ್ನೊಂದು ಕಚ್ಚಿಕೊಂಡವು. ಒಂದು ಶಬ್ದವೂ ಹೊರಬರಲಿಲ್ಲ! ಅಂಥ ಮೌನವನ್ನು ಆ ಮನುಷ್ಯ ಹುಟ್ಟಿದಂದಿನಿಂದ ಆಚರಿಸಿರಲಿಲ್ಲ. ಮುಂದಿನ ಗಾಡಿ ಒಂದು ಮಾರು ಸರಿಯಿತು. ಕಿಡಿಯಣ್ಣನ ಬಲಗಾಲು ಇಳಿಯಿತು.

ಹುಲಿ ಹಾರಿತು. ಮರುಗಳಿಗೆಯೇ ಬ್ರೇಕು ಬಿತ್ತು. ಕಾರು ನಿಂತಿತು, ಬಕೆಟ್ಟಿನ ನೀರು ನಿಲ್ಲಲಿಲ್ಲ. ಅದು ಎದ್ದು, ಒಂದು ಕ್ಷಣ ಗಾಳಿಯಲ್ಲಿ ಯೋಚಿಸಿ, ಅಷ್ಟೂ ಕಿಡಿಯಣ್ಣನ ಮಡಿಲಿಗೆ ಬಂತು. ಒಂದು ಮೀನು ಮೀನ್ಮರಿಯ ಅಂಗೈಗೆ ಸಿಕ್ಕಿತು. ಇನ್ನೊಂದು ಕಾಣಲಿಲ್ಲ.

ಆಗ ಆ ಕಾರಿನೊಳಗೆ ಒಂದು ಕೂಗು ಎದ್ದಿತು. ಗಾಜು ನಡುಗಿತು. ಸೇತುವೆಯ ಕಂಬಿಯ ಮೇಲಿನ ಕಾಗೆಗಳು ಹಾರಿದವು. ಕೂಗಿದವನು ಕಿಡಿಯಣ್ಣನಲ್ಲ.

"ಕಾಲೆತ್ತಿ ಭಾವಾ!" ಎಂದು ಕೂಗಿದ ಮೀನ್ಮರಿ. "ಬ್ರೇಕಿನ ಪಕ್ಕದಲ್ಲಿದೆ! ತುಳೀಬೇಡಿ! ಕಾಲೆತ್ತಿ ಅಂದ್ರೆ ಎತ್ತಿ!"

ಕಿಡಿಯಣ್ಣ ಗಾಡಿ ಉರುಳದ ಹಾಗೆ ಗೇರಿನ ಹಿಡಿಯನ್ನು ಮುಂದಕ್ಕೆ ತಳ್ಳಿ, ಕಾಲೆತ್ತಿದ. ಎರಡೂ ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡು, ಒದ್ದೆ ಪ್ಯಾಂಟಿನಲ್ಲಿ ಮುದುರಿ ಕೂತ. ಯಾರಾದರೂ ಅವನ ಮೇಲೆ ಕೂಗಿ ಎಷ್ಟು ವರ್ಷವಾಗಿತ್ತೋ. ಹೇಗಿರುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಮೀನ್ಮರಿ ಅವನ ಮೊಣಕಾಲಿನ ಕೆಳಗೆ ತಲೆ ತೂರಿಸಿ, ಪೆಡಲಿನ ಸಂದಿಯಲ್ಲಿ ಬಾಯಿ ಬಾಯಿ ಬಿಡುತ್ತಿದ್ದ ಮೀನನ್ನು ಎತ್ತಿಕೊಂಡ. ಹೆಂಡತಿ ಗಂಡನ ಊಟದ ಡಬ್ಬಿ ತೆರೆದು, ತೊಳೆದೇ ಇಟ್ಟಿದ್ದ ಅದರೊಳಗೆ ಬಾಟಲಿಯ ಕುಡಿಯುವ ನೀರು ಸುರಿದಳು. ಎರಡೂ ಮೀನುಗಳು ಡಬ್ಬಿಯೊಳಗೆ ಇಳಿದು, ಒಮ್ಮೆ ವಾಲಿ, ಆಮೇಲೆ ನೆಟ್ಟಗಾದವು.

ಕಾರು ಮಾತ್ರ ನೆಟ್ಟಗಾಗಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತ್ತು. ಸುಟ್ಟ ಎಣ್ಣೆಯ ವಾಸನೆ ಬಂತು. ಮತ್ತೆ ಗೇರಿಗೆ ಹಾಕಿ ಎಷ್ಟು ಒತ್ತಿದರೂ ಅಲುಗಲಿಲ್ಲ. ಹಿಂದಿನವರೆಲ್ಲ ಇಳಿದು ಬಂದು ಬಾಯಿಗೆ ಬಂದಂತೆ ಬೈದರು, ಬೈಯುತ್ತಲೇ ತಳ್ಳಿದರು. ಕಿಡಿಯಣ್ಣ ಒಳಗೆ ಸ್ಟಿಯರಿಂಗ್ ಹಿಡಿದು ಕೂತು, ಅಷ್ಟೂ ಬೈಗುಳವನ್ನು ಕೇಳಿಸಿಕೊಂಡ. ಕಾರಿನೊಳಗೆ ಕೂಗುವಂತಿಲ್ಲವಲ್ಲ!

ರಿಪೇರಿಯವನು ಮತ್ತೆ ವೈರು ಚುಚ್ಚಿದ, ಮತ್ತೆ ಎಣ್ಣೆ ಮೂಸಿದ.

"ಏನಣ್ಣಾ ಇದು? ಮೊದಲಿಗಿಂತ ಹತ್ತು ಪಾಲು ಸಿಟ್ಟು ಕಲಿಸಿದೀರಲ್ಲ!"

"ಸಿಟ್ಟಾ?" ಕಿಡಿಯಣ್ಣ ನಿಂತಲ್ಲೇ ಕುಪ್ಪಳಿಸಿದ. "ಆಣೆ ಮಾಡಿ ಹೇಳ್ತೀನಿ, ಇದರೊಳಗೆ ಒಂದು ಗಟ್ಟಿ ಮಾತಾಡಿಲ್ಲ ನಾನು! ಟೆಂಪೋದವನನ್ನ ಬೈಯೋಕೂ ಇಳಿದು ಹೋಗಿದೀನಿ! ಕೇಳು ಇವಳನ್ನ!"

ರಿಪೇರಿಯವನು ಅವನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಅವನನ್ನು ನೋಡಿದ.

"ಮಾತಾಡಿದ್ರೆ ಅದಕ್ಕೇನಣ್ಣಾ? ಗೇರ್‌ಬಾಕ್ಸಿಗೆಲ್ಲಿ ಕಿವಿ? ಅದು ನೋಡೋದು ನಿಮ್ಮ ಬಲಗಾಲು ಪೆಡಲನ್ನ ಹೆಂಗೆ ಒತ್ತುತ್ತೆ, ಹೆಂಗೆ ಬಿಡುತ್ತೆ ಅಂತ. ಆವತ್ತೇ ಹೇಳೋಕೆ ಹೋದೆ, ನೀವು ಕೇಳಲಿಲ್ಲ. ಕಾಲು ಕೆದರಿ ಜಗಳ ಆಡೋರನ್ನ ನೋಡಿದೀನಿ. ಬಾಯಿ ಮುಚ್ಚಿಕೊಂಡು ಕಾಲಲ್ಲೇ ಜಗಳ ಆಡಿದವರನ್ನ ಇವತ್ತೇ ನೋಡಿದ್ದು."

ನುಂಗಿದ್ದೆಲ್ಲ ಎಲ್ಲಿಗೆ ಇಳಿಯುತ್ತಿತ್ತು ಎಂದು ಕಿಡಿಯಣ್ಣನಿಗೆ ಆಗ ತಿಳಿಯಿತು. ಗ್ರಿಲ್ಲು, ಈಜು, ಓರೆ ಗೇಟು, ಎಲ್ಲವೂ ಬಲಗಾಲಿನ ಹೆಬ್ಬೆರಳಿನ ಮೂಲಕ ಆ ಪೆಟ್ಟಿಗೆಯೊಳಗೆ ಹೋಗಿ ಕೂತಿತ್ತು. ಅವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ಆವತ್ತು ನೀನು ಹಿಂದೆ ನಿಂತು ಏನು ಕೇಳ್ದೆ ಇವನನ್ನ?"

"ಇದಕ್ಕೆ ಕಿವಿ ಇದೆಯಾ ಅಂತ ಕೇಳ್ದೆ. ಇಲ್ಲ ಅಂದ್ರು."

"ಮತ್ತೆ ಯಾಕೆ ಹೇಳಲಿಲ್ಲ ನನಗೆ?"

"ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನನ್ನ ಮಾತು ಪೂರ್ತಿ ಕೇಳ್ತಿದ್ರಿ," ಎಂದಳು ಹೆಂಡತಿ. "ಅದನ್ನ ನಾನೇ ಯಾಕೆ ಹಾಳು ಮಾಡ್ಕೊಳ್ಳಲಿ?"

ಅವಳು ನಗುತ್ತಿರಲಿಲ್ಲ. ಅದಕ್ಕೇ ಕಿಡಿಯಣ್ಣ ಕೂಗಲಿಲ್ಲ.

ರಿಪೇರಿಯವನು ಒಳಗಿನದನ್ನು ಬಿಚ್ಚಿ, ಸುಟ್ಟದ್ದನ್ನು ಬದಲಿಸಿ, ಅದು ಕಲಿತದ್ದನ್ನೆಲ್ಲ ಅಳಿಸಿ ಕೊಟ್ಟ. "ಈಗ ಇದು ಹುಟ್ಟಿದ ಮಗು," ಎಂದ. "ಮೊದಲ ಕೆಲವು ವಾರ ಯಾರ ಕಾಲಿಗೆ ಸಿಗುತ್ತೋ ಅವರ ಗುಣ ಹಿಡಿಯುತ್ತೆ. ನೀವು ಮುಟ್ಟಬೇಡಿ. ಆವತ್ತು ಓಡಿಸಿದ್ರಲ್ಲ ಯಾರೋ ಪುಣ್ಯಾತ್ಮರು, ಅವರ ಕೈಲೇ ಕೊಡಿ."

ಪುಣ್ಯಾತ್ಮ ಹೊಸ ಅಂಗಡಿಯಲ್ಲಿ ತೊಟ್ಟಿಗೆ ನೀರು ತುಂಬುತ್ತಿದ್ದ. ಕಿಡಿಯಣ್ಣ ಬಾಗಿಲಲ್ಲಿ ನಿಂತ. ಕೈಯಲ್ಲಿ ಕಾರಿನ ಕೀಲಿ. ಗಾಜಿನ ಹಿಂದಿನಿಂದ ನೂರು ಮೀನುಗಳು ಅವನನ್ನೇ ನೋಡಿದವು.

"ಗಾಡಿ ಓಡಿಸ್ಬೇಕಂತೆ. ನೀನೇ ಆಗಬೇಕಂತೆ," ಎಂದ.

"ಓಡಿಸ್ತೀನಿ ಭಾವ."

"ದಿನಾ ಬೆಳಿಗ್ಗೆ ಬಂದು ನನ್ನ ಶಾಪಿಗೆ ಬಿಡಬೇಕು. ಮನೆಗೇ ಬಾ."

"ಬರ್ತೀನಿ." ಮೀನ್ಮರಿ ಕೀಲಿ ತೆಗೆದುಕೊಂಡ. ಮತ್ತೇನೋ ಬರಲಿದೆ ಎಂಬಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತ. ಕಿಡಿಯಣ್ಣ ಒಂದು ತೊಟ್ಟಿಯೊಳಗೆ ಇಣುಕಿ, ನೀರು ತಿಳಿಯಾಗಿದೆ ಎಂದ. ಇನ್ನೊಂದು ತೊಟ್ಟಿಯೊಳಗೂ ಇಣುಕಿದ. ಆಮೇಲೆ ಹೊರಟುಬಂದ.

ಮರುದಿನ ಕಪಾಟಿನ ಮೇಲಿನ ಅಂಕಣದಿಂದ ಲೋಟ ಕೆಳಗಿಳಿಯಿತು. ಮೀನ್ಮರಿ ಬಂದ, ಅದೇ ಕುರ್ಚಿಯಲ್ಲಿ ಕೂತ. ಅಕ್ಕ ಕಾಫಿ ಕೊಟ್ಟಳು. ಅವನು ಅರ್ಧ ಕುಡಿದು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ.

"ಪೂರ್ತಿ ಕುಡಿಯೋ."

"ಆಮೇಲೆ ಅಕ್ಕ," ಎಂದ.

ದಿನವೂ ಹೀಗೇ. ಅರ್ಧ ಕುಡಿಯುತ್ತಾನೆ, ಉಳಿದರ್ಧ ಬಿಟ್ಟು ಏಳುತ್ತಾನೆ. ಯಾಕೆಂದು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಕಾರು ಮತ್ತೆ ಹಸುವಾಯಿತು. ಕಿಡಿಯಣ್ಣ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು ಶಾಪಿಗೆ ಹೋದ. ಬೆಸೆಯುವಾಗ ಮುಖಕ್ಕೆ ಕಪ್ಪು ಗಾಜಿನ ಮುಖವಾಡ ಇಳಿಸಿಕೊಂಡು ಅದರ ಹಿಂದೆ ತುಟಿ ಅಲುಗಿಸಿ ನೋಡಿದ. "ತಪ್ಪಾ..." ಎಂಬಲ್ಲಿಗೆ ಕಿಡಿ ಹಾರುತ್ತಿತ್ತು, ಮುಂದಿನದು ಅದರ ಸದ್ದಿನಲ್ಲಿ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಮೀನ್ಮರಿ ಒಳಗೆ ಕಾಫಿಗೆ ಕೂತಿದ್ದಾಗ ಕಿಡಿಯಣ್ಣ ಮೊದಲೇ ಹೋಗಿ ಕಾರಿನಲ್ಲಿ ಕೂತ. ಬಾಗಿಲು ಹಾಕಿಕೊಂಡ. ಗಾಜು ಏರಿಸಿದ. ಗೇರಿನ ಹಿಡಿಯ ಮೇಲೆ ಕೈಯಿಟ್ಟು, ಮೆತ್ತಗೆ, ಪೂರ್ತಿಯಾಗಿ, ಒಂದಕ್ಷರ ನುಂಗದೆ ಹೇಳಿದ.

"ತಪ್ಪಾಯ್ತು ಕಣಯ್ಯ. ಆ ಮಾತು ನಾನು ಅನ್ನಬಾರ್ದಿತ್ತು."

ಗಾಜಿನ ಮೇಲೆ ಯಾರೋ ಬೆರಳಿನಿಂದ ಬಡಿದರು. ಹೆಂಡತಿ ಬಗ್ಗಿ ನಿಂತಿದ್ದಳು.

"ಅದಕ್ಕೆ ಕಿವಿ ಇಲ್ಲ ರೀ," ಎಂದಳು. "ಕಿವಿ ಇರೋನು ಒಳಗೆ ಕಾಫಿ ಕುಡೀತಿದಾನೆ."

ಕಿಡಿಯಣ್ಣ ಇಳಿದ. ನೆಟ್ಟಗೆ ಒಳಗೆ ಹೋದ. ಮೇಜಿನ ಹತ್ತಿರ ನಿಂತ. ಒಳಕೋಣೆಯಲ್ಲಿ ತಾಯಿ ಮಂಚದ ಮೇಲೆ ಎದ್ದು ಕೂತರು. ಕಿಡಿಯಣ್ಣ ಬಾಯಿ ತೆರೆದ.

"ಆರಿಹೋಗುತ್ತೆ! ಬೇಗ ಕುಡಿ!" ಎಂದು ಕೂಗಿದ.

"ಆಗ್ಲಿ ಭಾವ," ಎಂದ ಮೀನ್ಮರಿ. ಕೀಲಿ ತೆಗೆದುಕೊಂಡು ಎದ್ದ.

ಲೋಟದಲ್ಲಿ ಅರ್ಧ ಹಾಗೇ ಉಳಿಯಿತು. ಇವತ್ತಿಗೂ ಉಳಿಯುತ್ತಿದೆ.